ಹತ್ತು ವರ್ಷದಿಂದ ಚಹಾ ಮಾರುತ್ತಾರೆ, ಒಂದು ಗುಟುಕು ಕುಡಿದಿಲ್ಲ. ಅವರ ಮಗಳ ಬೀಳ್ಕೊಡುಗೆಯಲ್ಲಿ ನಾನು ಮಾತನಾಡಬಹುದೇ?

ಪ್ರಶ್ನೆ ಕೇಳಿದವರು: ಮಾಜಿ ಎಲ್ಡರ್

ಪ್ರಶ್ನೆ ಕೊನೆಯಲ್ಲಿದೆ. ಹಿನ್ನೆಲೆ ಹೇಳದೆ ಕೇಳಿದರೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ.

ನಾನು ಬೆಂಗಳೂರಿನವನು. ಮನೆಯವರೆಲ್ಲ ‘ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ’ಗೆ ಸೇರಿದವರು, ಜನರ ಬಾಯಲ್ಲಿ ಮಾರ್ಮನ್ನರು. ನಮ್ಮಲ್ಲಿ ಗಂಡುಹುಡುಗರು ಹದಿನೆಂಟು ತುಂಬಿದ ಮೇಲೆ ಎರಡು ವರ್ಷ ಮಿಷನರಿಯಾಗಿ ಹೋಗುವ ರೂಢಿ. ಸಂಬಳವಿಲ್ಲ, ಊರು ನಮ್ಮ ಆಯ್ಕೆಯದಲ್ಲ. ಸದಾ ಇಬ್ಬರು ಜೊತೆಯಾಗಿಯೇ ಇರಬೇಕು, ನಾನು ಹೋದಾಗ ಬೆಳಿಗ್ಗೆ ಆರೂವರೆಗೆ ಏಳಬೇಕಿತ್ತು, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕಿತ್ತು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಫಲಕ. ಹತ್ತೊಂಬತ್ತರ ಹುಡುಗನನ್ನು ಎಲ್ಲರೂ ‘ಎಲ್ಡರ್’, ಅಂದರೆ ಹಿರಿಯ, ಎಂದು ಕರೆಯುತ್ತಾರೆ. ಮೀಸೆಯೂ ಸರಿಯಾಗಿ ಮೂಡಿರದ ಹಿರಿಯ.

2015ರ ಮೇ ತಿಂಗಳಲ್ಲಿ ನನ್ನನ್ನು ರಾಜಮಂಡ್ರಿಗೆ ಹಾಕಿದರು. ಆ ಬೇಸಿಗೆಯ ಬಿಸಿಲಿಗೆ ಆಂಧ್ರದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಟೈ ಮಧ್ಯಾಹ್ನದ ಹೊತ್ತಿಗೆ ಒದ್ದೆ ಹಗ್ಗವಾಗಿರುತ್ತಿತ್ತು. ಜೊತೆಗಾರ ಕೊಯಮತ್ತೂರಿನವನು. ಅವನದು ತಮಿಳು ಬೆರೆತ ತೆಲುಗು, ನನ್ನದು ಕನ್ನಡ ಬೆರೆತ ತೆಲುಗು. ಲಿಪಿ ನಮ್ಮದಕ್ಕೆ ಹತ್ತಿರವಾದ್ದರಿಂದ ಓದಲು ಬೇಗ ಬಂತು, ಮಾತೇ ಕೈಕೊಡುತ್ತಿತ್ತು. ಅಲ್ಲಿ ‘ಊಟ’ ಎಂದರೆ ನೀರಿನ ಒರತೆ. ಒಬ್ಬ ಅಜ್ಜಿಗೆ “ನಿಮ್ಮ ಊಟ ಆಯಿತೇ?” ಎಂದು ಕೇಳಿದ್ದಕ್ಕೆ ಆಕೆ ನನ್ನನ್ನು ಹಿತ್ತಿಲಿನ ಬಾವಿಯ ಬಳಿಗೆ ಕರೆದುಕೊಂಡು ಹೋಗಿ ತೋರಿಸಿದ್ದರು.

ನಾವು ಬಾಗಿಲು ತಟ್ಟಿಕೊಂಡು ಹೋಗುವವರಾಗಿರಲಿಲ್ಲ. ಸಭೆಯವರು ಯಾರನ್ನಾದರೂ ಪರಿಚಯಿಸಿದರೆ, ಅವರು ಬನ್ನಿ ಎಂದರೆ, ಹೋಗುತ್ತಿದ್ದೆವು. ಹಾಗೆ ಸಿಕ್ಕವರು ಈ ಅಣ್ಣಯ್ಯ. ಹೆಸರು ಬೇಡ, ಅಣ್ಣಯ್ಯ ಎಂದೇ ಕರೆಯುತ್ತೇನೆ, ಆಗಲೂ ಹಾಗೇ ಕರೆಯುತ್ತಿದ್ದೆ. ದೇವಿಚೌಕದಿಂದ ಗೋದಾವರಿಯ ಕಡೆಗೆ ಹೋಗುವ ದಾರಿಯಲ್ಲಿ ಅವರದೊಂದು ಚಹಾದಂಗಡಿ. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹೊತ್ತಿಸಿದರೆ ಮಧ್ಯಾಹ್ನ ಒಂದಕ್ಕೆ ಆರಿಸಿ ಮತ್ತೆ ನಾಲ್ಕಕ್ಕೆ ಹೊತ್ತಿಸುತ್ತಿದ್ದರು. ಆ ಮೂರು ಗಂಟೆಯ ಬಿಡುವಿನಲ್ಲಿ, ಬೋರಲು ಹಾಕಿದ ಪಾತ್ರೆಗಳ ಪಕ್ಕದ ಬೆಂಚಿನ ಮೇಲೆ ನಮ್ಮ ಪಾಠ.

ನೀರಿನಲ್ಲಿ ಪೂರ್ತಿ ಮುಳುಗಿಸಿ ಕೊಡುವ ದೀಕ್ಷಾಸ್ನಾನದ ಬಗ್ಗೆ ಮೊದಲ ಸಲ ಹೇಳಿದಾಗ ತೆಲುಗಿನ ‘ಮುಂಚು’ ಪದ ಬಳಸಿದೆ. ನಮ್ಮ ‘ಮುಳುಗಿಸು’ವಿನ ಹಾಗೆ ಅದಕ್ಕೂ ಎರಡು ಅರ್ಥ. ಅಣ್ಣಯ್ಯ ಲೋಟ ಒರೆಸುತ್ತಾ, “ಚೀಟಿ ನಡೆಸುವವನು ಒಮ್ಮೆ ಮುಳುಗಿಸಿದ್ದಾನೆ ಎಲ್ಡರ್ ಗಾರೂ, ಈಗ ನೀವೂ ಮುಳುಗಿಸಲು ಬಂದಿರಾ?” ಎಂದರು. ನಾನು ಪೆದ್ದನಂತೆ ತಲೆಯಾಡಿಸಿದೆ. ಜೊತೆಗಾರ ಬೆಂಚಿನಿಂದ ಬೀಳುವಷ್ಟು ನಕ್ಕ.

ಅವರಿಗೆ ಓದು ಅಷ್ಟಕ್ಕಷ್ಟೆ. ತೆಲುಗಿನ ಮಾರ್ಮನ್ ಗ್ರಂಥವನ್ನು ರಾತ್ರಿ ಮಗಳ ಕೈಯಲ್ಲಿ ಓದಿಸಿ ಕೇಳುತ್ತಿದ್ದರು. ಆಗ ಆಕೆಗೆ ಹತ್ತು ವರ್ಷ. ಅಡ್ಡಾದಿಡ್ಡಿ ಹೆಸರುಗಳು ಬಂದಾಗ ತನಗೆ ಬೇಕಾದಂತೆ ಉಚ್ಚರಿಸುತ್ತಿದ್ದಳಂತೆ. ಆ ಗ್ರಂಥದ ಕೊನೆಯ ಭಾಗದಲ್ಲಿ, ಮೊರೋನಿಯ ಪುಸ್ತಕದ ಹತ್ತನೆಯ ಅಧ್ಯಾಯದಲ್ಲಿ, ಇದು ನಿಜವೋ ಅಲ್ಲವೋ ಎಂದು ದೇವರನ್ನೇ ಕೇಳಿ ನೋಡಿ ಎಂಬ ಮಾತಿದೆ. ನಮ್ಮ ಇಡೀ ಬೋಧನೆ ನಿಂತಿರುವುದು ಅದರ ಮೇಲೆ. ನಾವು ವಾದ ಗೆಲ್ಲಬೇಕಾಗಿಲ್ಲ, ಕೇಳಿ ನೋಡಿ ಎಂದಷ್ಟೇ ಹೇಳಬೇಕು. ಹೇಳುವುದು ಸುಲಭ. ಹೇಳಿದ ಮೇಲೆ ಸುಮ್ಮನಿರುವುದು ಹತ್ತೊಂಬತ್ತರ ವಯಸ್ಸಿಗೆ ಆಗದ ಕೆಲಸ.

ಆಮೇಲೆ ಬಂತು ‘ಜ್ಞಾನದ ಮಾತು’ ಎಂಬ ಪಾಠ. ನಮ್ಮ ಸಭೆ ಕಟ್ಟಿದ ಜೋಸೆಫ್ ಸ್ಮಿತ್‌ಗೆ 1833ರ ಫೆಬ್ರವರಿ 27ರಂದು ದೇವರಿಂದ ಬಂದ ಪ್ರಕಟಣೆ ಎಂದು ನಾವು ನಂಬುವಂಥದ್ದು: ಮದ್ಯ ಇಲ್ಲ, ತಂಬಾಕು ಇಲ್ಲ, ಕಾಫಿ ಇಲ್ಲ, ಚಹಾ ಇಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಇದನ್ನು ಹೇಳುವುದನ್ನು ಊಹಿಸಿಕೊಳ್ಳಿ. ಅಣ್ಣಯ್ಯ ಬಹಳ ಹೊತ್ತು ಯೋಚಿಸಿ, “ಮಾರಬಹುದೋ?” ಎಂದರು. ಮಾರಬಾರದೆಂದು ಎಲ್ಲೂ ಇಲ್ಲ ಎಂದೆವು. “ನಾಲ್ಕು ಗಂಟೆಗೆ ಮೊದಲ ಚಹಾ ಇಳಿಸಿದಾಗ ಅಂಗೈಗೆ ಒಂದಿಷ್ಟು ಹಾಕಿಕೊಂಡು ರುಚಿ ನೋಡುತ್ತೇನೆ. ಅದು ಕುಡಿದಂತೆಯೇ?” ಎಂದರು. ಜೊತೆಗಾರ ಬಾಯಿ ತೆರೆಯುವ ಮೊದಲೇ ನಾನು ಹೌದು ಎಂದುಬಿಟ್ಟೆ. ಹಾಗೆ ಹೇಳಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಅವರು ಸರಿ ಎಂದರು. ಮಾರನೆಯ ದಿನದಿಂದ ಹೆಂಡತಿಯನ್ನು ನಾಲ್ಕು ಗಂಟೆಗೆ ಎಬ್ಬಿಸಿ ರುಚಿ ನೋಡಿಸತೊಡಗಿದರು. ಕೈಯಳತೆಯಲ್ಲಿ ಸಕ್ಕರೆ ಹಾಕುತ್ತಿದ್ದವರು ಒಂದು ಅಳತೆಯ ಲೋಟ ಕೊಂಡುಕೊಂಡರು. ಒಂದು ತೊಟ್ಟನ್ನು ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟುಕೊಂಡು ಬಣ್ಣ ನೋಡುವುದು, ಹಬೆಗೆ ಮೂಗು ಒಡ್ಡುವುದು, ಇಷ್ಟೇ. ಮೊದಲ ವಾರ ಗಿರಾಕಿಗಳು ಮುಖ ಸಿಂಡರಿಸಿದರು.

ಇನ್ನು ನನ್ನ ಪ್ರತಾಪ. ನಮ್ಮಲ್ಲಿ ಆರಾರು ವಾರಕ್ಕೊಮ್ಮೆ ವರ್ಗಾವಣೆ. ಜುಲೈ ಕೊನೆಗೆ ನಾನು ಊರು ಬಿಡುವುದು ಹೆಚ್ಚುಕಡಿಮೆ ಖಚಿತವಾಗಿತ್ತು. ಅಣ್ಣಯ್ಯನ ದೀಕ್ಷಾಸ್ನಾನವನ್ನು ನಾನೇ ಮಾಡಿಸಬೇಕೆಂಬ ಆಸೆ. ಜೇಬಿನಲ್ಲಿದ್ದ ದಿನಚರಿಯ ಪುಟ್ಟ ಪುಸ್ತಕದಲ್ಲಿ ಜುಲೈ 11, ಶನಿವಾರ, ಎಂದು ಬರೆದು ಸುತ್ತ ಗೆರೆ ಎಳೆದೆ. ಅವರನ್ನು ಕೇಳುವ ಮೊದಲೇ. ಕೇಳಿದಾಗ ಅವರು “ಪುಷ್ಕರಗಳು ಮುಗಿಯಲಿ” ಎಂದರು. ಗೋದಾವರಿ ಪುಷ್ಕರ ಹನ್ನೆರಡು ವರ್ಷಕ್ಕೊಮ್ಮೆ ಬರುವುದು. ಆ ವರ್ಷ ಜುಲೈ 14ರಿಂದ 25ರವರೆಗೆ. ಚಹಾದಂಗಡಿಯವನಿಗೆ ಅದು ಹನ್ನೆರಡು ವರ್ಷದ ಸುಗ್ಗಿ. ನಾನು ಹೇಳಿದ ಮಾತು ಇದು: “ಅಣ್ಣಯ್ಯ, ನಿಮಗೆ ದೇವರಿಗಿಂತ ವ್ಯಾಪಾರ ಮೊದಲೇ?”

ಅವರು ಉತ್ತರಿಸಲಿಲ್ಲ. ಬಕೆಟ್ಟಿನಲ್ಲಿದ್ದ ಲೋಟಗಳನ್ನು ಒಂದೊಂದಾಗಿ ತೊಳೆದು ಸಾಲಾಗಿ ಇಟ್ಟರು. ಮುಂದಿನ ವಾರ ಫೋನ್ ಎತ್ತಲಿಲ್ಲ. ಕೋಣೆಯಲ್ಲಿ ನಾವು ಭೇಟಿಯಾದವರ ಬಗ್ಗೆ ಬರೆದಿಡುವ ಒಂದು ದಪ್ಪ ಕಡತವಿತ್ತು. ಅದರಲ್ಲಿ ಅವರ ಪುಟದಲ್ಲಿ ನನ್ನ ಕೈಯಾರೆ ಬರೆದೆ: “ಆಸಕ್ತಿ ಕಡಿಮೆ. ವ್ಯಾಪಾರವೇ ಮುಖ್ಯ. ಸದ್ಯಕ್ಕೆ ಬಿಡಬಹುದು.”

ಜುಲೈ 14ರ ಬೆಳಿಗ್ಗೆ ಪುಷ್ಕರ ಘಾಟ್‌ನಲ್ಲಿ ಕಾಲ್ತುಳಿತವಾಗಿ ಇಪ್ಪತ್ತೈದಕ್ಕೂ ಹೆಚ್ಚು ಜನ ಸತ್ತದ್ದು ನಿಮಗೆ ನೆನಪಿರಬಹುದು. ನಾವು ಎರಡು ದಿನ ಕೋಣೆ ಬಿಟ್ಟು ಹೊರಬರಲಿಲ್ಲ. ಹದಿನೇಳರಂದು ಅಣ್ಣಯ್ಯನೇ ಫೋನ್ ಮಾಡಿ ಕರೆದರು. ಹೋದರೆ ಒಲೆ ಆರಿತ್ತು. ಹಳ್ಳಿಯಿಂದ ಅವರ ತಾಯಿ ಪುಷ್ಕರ ಸ್ನಾನಕ್ಕೆಂದು ಬಂದಿದ್ದರಂತೆ. ಇಷ್ಟೆಲ್ಲ ಆದ ಮೇಲೂ ಮುದುಕಿ ಹಟ ಬಿಡಲಿಲ್ಲ. ಹಿಂದಿನ ದಿನ ಕೋಟಿಲಿಂಗಾಲ ಘಾಟಿಗೆ ಕರೆದುಕೊಂಡು ಹೋಗಿ, ರಟ್ಟೆ ಹಿಡಿದು ಮೂರು ಮುಳುಗು ಹಾಕಿಸಿ ತಂದಿದ್ದರು. “ನಾನು ಮೊಣಕಾಲಿನವರೆಗೆ ಮಾತ್ರ ಇಳಿದಿದ್ದೆ. ತಪ್ಪೇ?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಜೊತೆಗಾರ, “ತಾಯಿಯ ಕೈ ಹಿಡಿದದ್ದು ಯಾವ ಊರಿನಲ್ಲಿ ತಪ್ಪು?” ಎಂದ. ಆಗ ಅಣ್ಣಯ್ಯ ನನ್ನ ಕಡೆ ತಿರುಗಿ ಹೇಳಿದರು: “ಅಮ್ಮನಿಗೆ ತಾನು ನೀರಿಗೆ ಯಾಕೆ ಇಳಿಯುತ್ತಿದ್ದೇನೆ ಎಂದು ಗೊತ್ತಿತ್ತು. ನನಗೂ ಗೊತ್ತಿರಬೇಕಲ್ಲ. ನಿಮ್ಮ ತಾರೀಖಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಆಗಸ್ಟ್ ಒಂದು.”

ನಾನು ಜುಲೈ 22ರಂದು ಚೆನ್ನೈಗೆ ಹೋದೆ. ಆಗಸ್ಟ್ 1ರಂದು ದೀಕ್ಷಾಸ್ನಾನ ಮಾಡಿಸಿದ್ದು ಜೊತೆಗಾರ. ಬಲಗೈ ಮೊಣಕೈ ನೀರಿನ ಮೇಲೆ ಉಳಿದದ್ದರಿಂದ ಎರಡನೆಯ ಸಲ ಮುಳುಗಿಸಬೇಕಾಯಿತಂತೆ. ನಮ್ಮಲ್ಲಿ ಕೂದಲೆಳೆಯೂ ಮೇಲೆ ತೇಲುವಂತಿಲ್ಲ. ಹೆಂಡತಿ ಮತ್ತು ಮಗಳು ಮರುವರ್ಷ ಸೇರಿದರು.

ಅಂದಿನಿಂದ ಪ್ರತಿವರ್ಷ ಆಗಸ್ಟ್ 1ರಂದು ಅಣ್ಣಯ್ಯನ ಫೋನ್ ಬರುತ್ತದೆ. “ಎಲ್ಡರ್ ಗಾರೂ, ನೀವು ತಾಳ್ಮೆಯಿಂದ ಕಾದಿರಿ, ಅದಕ್ಕೇ ನಾನು ಬಂದೆ” ಎನ್ನುತ್ತಾರೆ. ನಾನು ಹೂಂಗುಟ್ಟುತ್ತೇನೆ. ಈ ವರ್ಷ ಫೋನ್‌ನಲ್ಲಿ ಹೊಸ ಸುದ್ದಿ: ಮಗಳು ಮಿಷನರಿಯಾಗಿ ಹದಿನೆಂಟು ತಿಂಗಳಿಗೆ ಹೊರಟಿದ್ದಾಳೆ. ಹೊರಡುವ ಮುನ್ನದ ಭಾನುವಾರದ ಸಭೆಯಲ್ಲಿ ನಾನು ಬಂದು ನಾಲ್ಕು ಮಾತು ಆಡಬೇಕಂತೆ.

ನಾನು ಚರ್ಚಿಗೆ ಹೋಗದೆ ಮೂರು ವರ್ಷವಾಯಿತು. ಜಗಳವೇನಿಲ್ಲ, ಸುಮ್ಮನೆ ಬಿಟ್ಟುಹೋಯಿತು. ದಿನಕ್ಕೆರಡು ಫಿಲ್ಟರ್ ಕಾಫಿ ಕುಡಿಯುತ್ತೇನೆ. ಇದನ್ನು ಬರೆಯುತ್ತಿರುವಾಗಲೂ ಪಕ್ಕದಲ್ಲಿ ಲೋಟವಿದೆ. ಅವರು ಹತ್ತು ವರ್ಷದಿಂದ ಚಹಾ ಕುದಿಸುತ್ತಿದ್ದಾರೆ, ನಾಲಿಗೆಗೆ ತಾಗಿಸಿಲ್ಲ.

ಈಗ ಪ್ರಶ್ನೆ. ಹೋಗಿ ಮಾತನಾಡಬೇಕೇ? ಹೋಗುವುದಾದರೆ ಆ ಕಡತದ ಸಾಲನ್ನೂ ಈ ಕಾಫಿಯನ್ನೂ ಮೊದಲೇ ಹೇಳಬೇಕೇ? ಅಥವಾ ಏನಾದರೊಂದು ನೆವ ಹೇಳಿ ತಪ್ಪಿಸಿಕೊಳ್ಳುವುದೇ ಮರ್ಯಾದೆಯೇ?

---

ಉತ್ತರ 1: ಮಾಜಿ ಸಿಸ್ಟರ್

ನಾನೂ ನಿಮ್ಮ ಸಭೆಯವಳೇ, ಬೆಂಗಳೂರಿನವಳೇ, ಚೆನ್ನೈ ಕಡೆ ಹದಿನೆಂಟು ತಿಂಗಳು ಸೇವೆ ಮಾಡಿದವಳು. ಈಗಲೂ ಹೋಗುತ್ತೇನೆ. ಹಾಗಾಗಿ ಸ್ವಲ್ಪ ಗದರಿಸುವ ಹಕ್ಕು ನನಗಿದೆ ಎಂದುಕೊಳ್ಳುತ್ತೇನೆ.

ಕೇಳುವ ಮೊದಲೇ ತಾರೀಖು ಬರೆದು ಸುತ್ತ ಗೆರೆ ಎಳೆದವರು ನೀವೊಬ್ಬರೇ ಅಲ್ಲ. ನಾನೂ ಎಳೆದಿದ್ದೇನೆ. ಎರಡನೆಯ ಪಾಠಕ್ಕೇ ತಾರೀಖು ಕೇಳುವ ಉತ್ಸಾಹ ಎಷ್ಟೋ ಜನರಲ್ಲಿ ಇರುತ್ತದೆ. ಕೇಳುವುದು ತಪ್ಪಲ್ಲ, ಬೇಡ ಎಂದವರ ಮೇಲೆ ಮುನಿಸಿಕೊಳ್ಳುವುದು ತಪ್ಪು. ಕಲಿಸಿದ ಮಿಷನರಿಯೇ ದೀಕ್ಷಾಸ್ನಾನಕ್ಕೆ ಮೊದಲಿನ ಸಂದರ್ಶನ ಮಾಡುವಂತಿಲ್ಲ, ಇನ್ನೊಬ್ಬರು ಬಂದು ಅವರನ್ನು ಒಂಟಿಯಾಗಿ ಕೂರಿಸಿ ಕೇಳಬೇಕು ಎಂಬ ನಿಯಮ ಯಾಕಿದೆ ಎಂದು ಎಂದಾದರೂ ಯೋಚಿಸಿದ್ದೀರಾ? ನಮ್ಮಂಥವರಿಗಾಗಿಯೇ. ಅವರ ಇಷ್ಟದಿಂದ ಬಂದಿದ್ದಾರೋ, ಹುಡುಗರ ಮುಖ ನೋಡಿ ಬಂದಿದ್ದಾರೋ ಎಂದು ಬೇರೆಯವರು ತೂಗಿ ನೋಡಲಿ ಎಂದು.

ನನ್ನದೊಂದು ಪ್ರಸಂಗ. ಒಬ್ಬ ನರ್ಸ್‌ಗೆ ನಾಲ್ಕು ತಿಂಗಳು ಕಲಿಸಿದೆವು. ಎಲ್ಲ ಒಪ್ಪಿದರು, ಬಿಳಿ ಉಡುಪಿನ ಅಳತೆಯೂ ಆಯಿತು. ಸಂದರ್ಶನಕ್ಕೆ ಬಂದ ಎಲ್ಡರ್ ಕೇಳಿದ್ದಕ್ಕೆ, “ಈ ಇಬ್ಬರು ಹುಡುಗಿಯರು ಊರು ಬಿಟ್ಟು ಬಂದಿದ್ದಾರೆ, ಬೇಸರವಾಗಬಾರದೆಂದು ಒಪ್ಪಿದೆ” ಎಂದರಂತೆ. ಅಲ್ಲಿಗೆ ನಿಂತಿತು. ಅಂದು ರಾತ್ರಿ ನಾನು ಅತ್ತಿದ್ದೆ. ಈಗ ಅನ್ನಿಸುತ್ತದೆ, ಆ ನರ್ಸ್ ನಮ್ಮಿಬ್ಬರಿಗಿಂತ ಪ್ರಾಮಾಣಿಕಳು. ಈಗಲೂ ಅವರು ನನ್ನ ಗೆಳತಿ, ಈಗಲೂ ನಮ್ಮ ಸಭೆಗೆ ಸೇರಿಲ್ಲ.

ನಿಮ್ಮ ಪ್ರಶ್ನೆಗೆ: ಸಭೆಯಲ್ಲಿ ಯಾರು ಮಾತನಾಡಬೇಕೆಂದು ತೀರ್ಮಾನಿಸುವುದು ಅಣ್ಣಯ್ಯನಲ್ಲ, ಅಲ್ಲಿನ ಶಾಖಾಧ್ಯಕ್ಷರು. ಅವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿ. ಬೇಡ ಎಂದರೆ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ನೆವ ಹೇಳಬೇಡಿ, ಒಂದು ಸುಳ್ಳಿಗೆ ಹತ್ತು ವರ್ಷವಾಗಿದೆ, ಎರಡನೆಯದು ಯಾಕೆ?

---

ಉತ್ತರ 2: ಬಳ್ಳಾರಿ ಮೇಷ್ಟ್ರು

ಮತಾಂತರದ ವಿಷಯದಲ್ಲಿ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ಆದರೂ ಓದಿದೆ, ಕೊನೆಯವರೆಗೂ ಓದಿದೆ.

ಎರಡು ಪ್ರಶ್ನೆ. ಒಂದು: ನಿಮ್ಮಲ್ಲಿ ಆದಾಯದ ಹತ್ತರಲ್ಲೊಂದು ಪಾಲು ಕೊಡಬೇಕಲ್ಲವೇ? ಚೀಟಿಯಲ್ಲಿ ಹಣ ಕಳೆದುಕೊಂಡಿದ್ದ ಮನುಷ್ಯನಿಗೆ ಅದನ್ನು ನೀರಿಗೆ ಇಳಿಯುವ ಮೊದಲು ಹೇಳಿದಿರೋ, ಇಳಿದ ಮೇಲೆ ಹೇಳಿದಿರೋ? ಎರಡು: ಆ ತಾಯಿ. ಮಗನ ಕೈ ಹಿಡಿದು ಮೂರು ಮುಳುಗು ಹಾಕಿದ ಆ ಮುದುಕಿಗೆ ಹದಿನೈದು ದಿನದ ಮೇಲೆ ಮಗ ಇನ್ನೊಂದು ನೀರಿಗೆ ಇಳಿದದ್ದು ಗೊತ್ತಾಯಿತೇ? ಗೊತ್ತಾದಾಗ ಏನೆಂದರು? ನಿಮ್ಮ ಕಥೆಯಲ್ಲಿ ಎಲ್ಲರೂ ಮಾತನಾಡುತ್ತಾರೆ, ಆಕೆ ಮಾತ್ರ ಸುಮ್ಮನಿದ್ದಾಳೆ.

---

ಮಾಜಿ ಎಲ್ಡರ್

ಮೇಷ್ಟ್ರೇ, ನೇರವಾಗಿ ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ.

ದಶಮಾಂಶದ ವಿಷಯ ಮೊದಲೇ ಹೇಳಬೇಕು, ಸಂದರ್ಶನದಲ್ಲೂ ಕೇಳುತ್ತಾರೆ. ತೆಲುಗಿನಲ್ಲಿ ‘ದಶಮ ಭಾಗಂ’. ಅಣ್ಣಯ್ಯ ತಕ್ಷಣ ಸೀಮೆಸುಣ್ಣ ತೆಗೆದುಕೊಂಡು ಅಂಗಡಿಯ ಹಲಗೆಯ ಮೇಲೆ ಲೆಕ್ಕ ಹಾಕಿದರು: ಹಾಲು, ಪುಡಿ, ಸಕ್ಕರೆ, ಸೌದೆ, ಬಾಡಿಗೆ ಎಲ್ಲ ಕಳೆದು ಕೈಗೆ ಉಳಿಯುವುದರಲ್ಲಿ ಹತ್ತನೆಯ ಪಾಲು. “ಚೀಟಿಯವನು ಎಷ್ಟು ತೆಗೆದುಕೊಳ್ಳುತ್ತೇನೆಂದು ಹೇಳಿರಲಿಲ್ಲ, ನೀವು ಹೇಳುತ್ತಿದ್ದೀರಿ” ಎಂದರು. ಹೊಗಳಿಕೆಯೋ ಚುಚ್ಚುಮಾತೋ ಈಗಲೂ ಗೊತ್ತಿಲ್ಲ. ಸೇರಿದ್ದಕ್ಕೆ ಅವರಿಗೆ ಯಾರೂ ಏನೂ ಕೊಡಲಿಲ್ಲ. ನನ್ನ ಹತ್ತಿರ ಕೊಡುವುದಕ್ಕೆ ಇದ್ದದ್ದೂ ತಿಂಗಳ ಖರ್ಚಿನ ಹಣ ಮಾತ್ರ, ಅದೂ ಇಪ್ಪತ್ತೈದನೆಯ ತಾರೀಖಿಗೆ ಖಾಲಿ.

ತಾಯಿಯ ವಿಷಯ ನಾನು ಬರೆಯದೇ ಬಿಟ್ಟದ್ದು ನಿಜ. ಗೊತ್ತಿಲ್ಲದೆ ಅಲ್ಲ. ಜೊತೆಗಾರ ಹೇಳಿದ್ದ. ದೀಕ್ಷಾಸ್ನಾನದ ಹಿಂದಿನ ವಾರ ಅಣ್ಣಯ್ಯ ಹಳ್ಳಿಗೆ ಹೋಗಿ ತಾಯಿಗೆ ಹೇಳಿ ಬಂದರಂತೆ. ಆಕೆ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ, “ನನ್ನ ತಿಥಿಗೆ ಬರುತ್ತೀಯೋ ಇಲ್ಲವೋ, ಅದೊಂದು ಹೇಳು” ಎಂದು ಕೇಳಿದರು. ಬಂದು ನಿಲ್ಲುತ್ತೇನೆ, ಮಂತ್ರ ಹೇಳುವುದನ್ನು ತಮ್ಮ ಮಾಡಲಿ ಎಂದರಂತೆ ಅಣ್ಣಯ್ಯ. 2019ರಲ್ಲಿ ಆಕೆ ತೀರಿಕೊಂಡಾಗ ಹಾಗೆಯೇ ನಡೆದುಕೊಂಡರು. ಊರಿನವರು ಕೆಲವರು ಅವರೊಂದಿಗೆ ಇನ್ನೂ ಮಾತನಾಡುವುದಿಲ್ಲ. ಇದನ್ನು ಬರೆದರೆ ನನ್ನ ಕಥೆ ಚೆನ್ನಾಗಿ ಕಾಣುವುದಿಲ್ಲ ಎಂದು ಬಿಟ್ಟೆ ಅನ್ನಿಸುತ್ತದೆ. ಹಾಗಾಗಿ ನೀವು ಕೇಳಿದ್ದು ಒಳ್ಳೆಯದಾಯಿತು.

---

ಉತ್ತರ 3: ಬಳ್ಳಾರಿ ಮೇಷ್ಟ್ರು

ಬಂದು ನಿಂತನಲ್ಲ. ಸರಿ. ಇನ್ನು ನಾನು ಮಾತು ಬೆಳೆಸುವುದಿಲ್ಲ.

---

ಉತ್ತರ 4: ದರ್ಶಿನಿ ನಡೆಸುವವನು

ಧರ್ಮದ ವಿಷಯ ನನಗೆ ಬೇಡ ಸ್ವಾಮಿ, ನನ್ನ ತಲೆ ಚಹಾದಲ್ಲೇ ನಿಂತುಬಿಟ್ಟಿದೆ. ಹದಿನೆಂಟು ವರ್ಷದಿಂದ ಹೋಟೆಲ್ ನಡೆಸುತ್ತಿದ್ದೇನೆ. ರುಚಿ ನೋಡದೆ ಚಹಾ ಮಾಡುವುದು ಸಾಧ್ಯವಿಲ್ಲ ಎಂದೇನೂ ಅಲ್ಲ. ಪುಡಿ ಅದೇ, ಹಾಲು ಅದೇ, ಒಲೆ ಅದೇ ಇದ್ದರೆ ಮೂಗು ಸಾಕು. ಆದರೆ ಹಾಲು ದಿನವೂ ಅದೇ ಇರುವುದಿಲ್ಲ. ಬೇಸಿಗೆಯಲ್ಲಿ ಒಂದು, ಮಳೆಗಾಲದಲ್ಲಿ ಇನ್ನೊಂದು. ಹಾಲಿನವನು ನೀರು ಬೆರೆಸಿದ ದಿನ ಬಣ್ಣ ಮೋಸ ಮಾಡುತ್ತದೆ. ನಾಲಿಗೆ ಮಾತ್ರ ಹಿಡಿಯುತ್ತದೆ. ಬೆಳಿಗ್ಗೆ ಹೆಂಡತಿ ರುಚಿ ನೋಡುತ್ತಿದ್ದರು ಎಂದಿರಿ. ಮರುವರ್ಷ ಆಕೆಯೂ ನಿಮ್ಮ ಸಭೆಗೆ ಸೇರಿದರು ಎಂದಿರಿ. ಹಾಗಾದರೆ ಆ ಒಂಬತ್ತು ವರ್ಷದಿಂದ ರುಚಿ ನೋಡುತ್ತಿರುವವರು ಯಾರು? ಇದಕ್ಕೆ ಉತ್ತರ ಸಿಗದೆ ನನಗೆ ನಿದ್ದೆ ಬರುವುದಿಲ್ಲ.

ಇನ್ನೊಂದು. ಕಲಿಸಿದ್ದು ನಾನು, ನಾನು ಎಂದು ಇಷ್ಟುದ್ದ ಬರೆದಿದ್ದೀರಿ. ರಾತ್ರಿ ಕುಳಿತು ಓದಿ ಹೇಳಿದ್ದು ಆ ಹತ್ತು ವರ್ಷದ ಹುಡುಗಿ. ಈಗ ಹೊರಟಿರುವುದೂ ಅವಳೇ. ಆಕೆಗೆ ಇದು ಮೊದಲ ಸಲವೇನಲ್ಲ ಬಿಡಿ.

---

ಮಾಜಿ ಎಲ್ಡರ್

ಈ ಕೊನೆಯ ಮಾತಿನಿಂದ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹತ್ತು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಕಡತದಲ್ಲಿ ಆ ಹುಡುಗಿಯ ಹೆಸರನ್ನೇ ನಾನು ಬರೆದಿರಲಿಲ್ಲ.

ರುಚಿ ನೋಡುವವರು ಯಾರೆಂದು ಗೊತ್ತಿಲ್ಲ. ಕೇಳುತ್ತೇನೆ.

---

ಉತ್ತರ 5: ಯೂಟಾದ ಹಾಸನದವನು

ನಾನು ಸಾಫ್ಟ್‌ವೇರ್ ಕೆಲಸಕ್ಕೆಂದು ಅಮೆರಿಕದ ಯೂಟಾ ರಾಜ್ಯದ ಲೀಹೈ ಊರಿಗೆ ಬಂದು ಆರು ವರ್ಷವಾಯಿತು. ಅಕ್ಕಪಕ್ಕದ ಮನೆಯವರಲ್ಲಿ ಹೆಚ್ಚಿನವರು ನಿಮ್ಮ ಸಭೆಯವರೇ. ಇಲ್ಲಿ ಇಂಥ ಬೀಳ್ಕೊಡುಗೆಗೆ ನೆರೆಯವರೆಂದು ನಮ್ಮನ್ನೂ ಕರೆಯುತ್ತಾರೆ. ಎರಡು ಮೂರಕ್ಕೆ ಹೋಗಿದ್ದೇನೆ. ಮುಖ್ಯವಾಗಿ ಮಾತನಾಡುವುದು ಹೊರಟ ಹುಡುಗನೋ ಹುಡುಗಿಯೋ. ಉಳಿದವರ ಮಾತು ಯಾರಿಗೂ ನೆನಪಿರುವುದಿಲ್ಲ. ಎಲ್ಲರ ಕಣ್ಣೂ ತಾಯಿಯ ಕರವಸ್ತ್ರದ ಮೇಲೆ. ಆದ್ದರಿಂದ ನಿಮ್ಮ ನಾಲ್ಕು ಮಾತಿನ ಬಗ್ಗೆ ಇಷ್ಟು ಹೆದರಬೇಡಿ.

ಎದುರು ಮನೆಯ ಹೆಂಗಸು ಹೇಳುತ್ತಿದ್ದರು: ಮೊದಲ ಮಗ ಹೋಗಿದ್ದಾಗ ವರ್ಷಕ್ಕೆ ಎರಡೇ ಸಲ ಫೋನ್, ಕ್ರಿಸ್‌ಮಸ್‌ಗೆ ಒಂದು, ತಾಯಂದಿರ ದಿನಕ್ಕೆ ಒಂದು. 2019ರಿಂದ ವಾರಕ್ಕೊಮ್ಮೆ ಮಾತನಾಡಬಹುದಂತೆ. ಎರಡನೆಯ ಮಗ ವಾರವಾರವೂ ಅತ್ತು ಅತ್ತು ಅಮ್ಮನ ಜೀವ ಹಿಂಡಿದನಂತೆ. ಹಳೆಯ ಪದ್ಧತಿಯೇ ವಾಸಿಯಿತ್ತು ಎಂದು ನಗುತ್ತಾರೆ. ನನ್ನ ತಾಯಿ ಇಲ್ಲಿಗೆ ಬಂದಿದ್ದಾಗ ಕಪ್ಪು ಫಲಕದ ಇಬ್ಬರು ಹುಡುಗರು ಹಿಮ ಎತ್ತಿಹಾಕಲು ಸಹಾಯ ಮಾಡಿದರು. ಅಮ್ಮ ಕಾಫಿ ತಂದರು, ಅವರು ಬೇಡ ಎಂದರು. ಅಮ್ಮನಿಗೆ ಅವಮಾನ. ವಿಷಯ ತಿಳಿದ ಮೇಲೆ ಬಾದಾಮಿ ಹಾಲು ಕಾಯಿಸಿ ಕೊಟ್ಟರು. ಮುಂದಿನ ಮೂರು ವಾರ ಹಿಮ ಬೀಳದಿದ್ದರೂ ಹುಡುಗರು ಬಂದರು.

---

ಉತ್ತರ 6: ಮಾಜಿ ಸಿಸ್ಟರ್

ಶಾಖಾಧ್ಯಕ್ಷರಿಗೆ ಫೋನ್ ಮಾಡಿದಿರಾ? ವಿಷಯ ಬಾದಾಮಿ ಹಾಲಿನ ಕಡೆಗೆ ಹೋಗುತ್ತಿದೆ.

---

ಮಾಜಿ ಎಲ್ಡರ್

ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, ಹುಡುಗಿಯೂ ಆಕೆಯ ತಂದೆಯೂ ಮಾತನಾಡಲಿ, ನೀವು ಬಂದು ಕುಳಿತರೆ ಸಂತೋಷ ಎಂದರು. ಸಮಾಧಾನವೂ ಆಯಿತು, ಒಂದಿಷ್ಟು ಚುಚ್ಚಿತು ಕೂಡ. ಇದ್ದದ್ದನ್ನು ಹೇಳಿಬಿಡುತ್ತೇನೆ, ನೋಡಿ.

ಆಮೇಲೆ ಅಣ್ಣಯ್ಯನಿಗೆ ಫೋನ್ ಮಾಡಿದೆ. ಮಧ್ಯಾಹ್ನ ಎರಡು ಗಂಟೆಗೆ, ಹಳೆಯ ಪಾಠದ ಹೊತ್ತಿಗೆ. ಕಡತದಲ್ಲಿ ಬರೆದದ್ದನ್ನು ಅಕ್ಷರ ಬಿಡದೆ ಹೇಳಿದೆ. ಆ ಕಡೆಯಿಂದ ನಗು. ನಾವು ಬಿಟ್ಟು ಬಂದ ಕೆಲವು ವರ್ಷಗಳ ನಂತರ ಕಾಗದದ ಕಡತಗಳ ಬದಲು ಎಲ್ಲವೂ ಮೊಬೈಲಿಗೆ ಬಂತು. ಹಳೆಯ ಹಾಳೆಗಳನ್ನು ಹರಿದು ಹಾಕುವಾಗ ಅಲ್ಲಿದ್ದ ಹುಡುಗರಿಗೆ ಸಹಾಯಕ್ಕೆ ಕೂತವರು ಅಣ್ಣಯ್ಯನೇ. ತಮ್ಮ ಪುಟ ಸಿಕ್ಕಿತಂತೆ. ನಿಧಾನವಾಗಿ ಕೂಡಿಸಿಕೊಂಡು ಓದಿದರಂತೆ. “ಕೈಬರಹ ಕೋಳಿ ಕೆದರಿದ ಹಾಗಿತ್ತು, ಆದರೂ ನಿಮ್ಮದೆಂದು ಗೊತ್ತಾಯಿತು. ನಿಮ್ಮ ‘ವ್ಯ’ ಕನ್ನಡದ್ದು” ಎಂದರು. ಅದಾದ ಮೇಲೂ ಪ್ರತಿ ಆಗಸ್ಟ್‌ನಲ್ಲಿ ಫೋನ್ ಮಾಡಿದ್ದಾರೆ, ತಾಳ್ಮೆಯಿಂದ ಕಾದಿರಿ ಎಂದಿದ್ದಾರೆ. ಯಾಕೆ ಹಾಗೆ ಹೇಳುತ್ತಿದ್ದಿರಿ ಎಂದು ಕೇಳಿದ್ದಕ್ಕೆ, “ನೀವಾಗಿ ಹೇಳುತ್ತೀರೇನೋ ಎಂದು ನಾನೂ ಕಾದೆ” ಎಂದರು.

ಕಾಫಿಯ ವಿಷಯ ಹೇಳಲು ಇನ್ನಷ್ಟು ಹೊತ್ತು ಹಿಡಿಯಿತು. ಹೇಳಿದೆ. ಆ ಕಡೆ ಲೋಟಗಳ ಸದ್ದು ಮಾತ್ರ ಕೇಳುತ್ತಿತ್ತು. ನಾನು ಅಳುಕಿದೆ. ಕೊನೆಗೆ, “ಚಹಾ ಕೂಡ ಕುಡಿಯುತ್ತೀರಾ?” ಎಂದರು. ಕುಡಿಯುತ್ತೇನೆ ಎಂದೆ.

ದರ್ಶಿನಿಯವರೇ, ನಿಮ್ಮ ನಿದ್ದೆಗಾಗಿ: ಹೆಂಡತಿ ಸೇರಿದ ಮೇಲೆ ಅಂಗಡಿಯಲ್ಲಿ ಲೋಟ ತೊಳೆಯುವ ಹುಡುಗನಿಗೆ ಆ ಕೆಲಸ ಬಿದ್ದಿದೆ. ಅವನು ಏನು ಕೊಟ್ಟರೂ ‘ಬಾಗುಂದಿ’, ಚೆನ್ನಾಗಿದೆ, ಎನ್ನುತ್ತಾನಂತೆ. ಅಣ್ಣಯ್ಯನಿಗೆ ಒಂಬತ್ತು ವರ್ಷದಿಂದ ಅದೇ ಅನುಮಾನ.

ಶೇಷಾದ್ರಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿದ್ದೇನೆ. ಶನಿವಾರ ರಾತ್ರಿ ಅವರ ಮನೆಯಲ್ಲೇ ಮಲಗಬೇಕಂತೆ. ಭಾನುವಾರ ಅಂಗಡಿ ತೆರೆಯುವುದಿಲ್ಲ, ಆದ್ದರಿಂದ ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅಂಗಡಿಗೆ ಬಂದು ಮೊದಲ ಲೋಟ ಕುಡಿದು ನಿಜ ಹೇಳಬೇಕು ಎಂದು ಅಪ್ಪಣೆಯಾಗಿದೆ.